ಚಿರತೆಗೂ ನನಗೂ ನಡುವೆ ಒಂದು ಫರ್ಲಾಂಗು

ಸುಬ್ರಹ್ಮಣ್ಯಪುರದ ಆಚೆಯ ಬಂಡೆಯ ಮೇಲೆ ಚಿರತೆ ಬಿಸಿಲು ಕಾಯಿಸುತ್ತಾ ಮಲಗಿದ್ದನ್ನು ನಾನು ಕಣ್ಣಾರೆ ನೋಡಿದೆ. ಎಂಬತ್ತಾರನೇ ಇಸವಿ, ಸಂಕ್ರಾಂತಿ ಮುಗಿದ ವಾರ. ನೋಡಿದ್ದು ತಪ್ಪಲ್ಲ. ಅದನ್ನು ಚಿಕ್ಕಲಸಂದ್ರದ ಟೀ ಅಂಗಡಿಯಲ್ಲಿ ಹೇಳಿದ್ದು ತಪ್ಪು. ಅಲ್ಲಿ ಮರುಳಸಿದ್ದಪ್ಪ ಕೂತಿದ್ದರು. ಈ ಮನುಷ್ಯ ಯಾವುದೋ ಸರ್ಕಾರಿ ಕಚೇರಿಯಲ್ಲಿ ಆಫೀಸರಾಗಿದ್ದು ರಿಟೈರಾಗಿ, ನಾನೇ ಮಾರಿದ ಸೈಟಿನಲ್ಲಿ ಮನೆ ಕಟ್ಟಿಕೊಂಡು, ನನಗೇ ಬುದ್ಧಿ ಹೇಳುತ್ತಿದ್ದರು.

“ಬೈರಪ್ಪನೋರೇ, ಅದು ಚುಕ್ಕೆ ನಾಯಿ ಇರಬೇಕು. ಕನ್ನಡಕ ಮಾಡಿಸ್ಕೊಳ್ಳಿ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ರೇಗಿತು.

“ನಾಯಿ ಯಾವ್ದು ಚಿರತೆ ಯಾವ್ದು ಗೊತ್ತಿಲ್ದೆ ದನ ಮೇಯ್ಸಿದೀನಾ ಸಾರ್ ನಾನು? ಹದಿನೈದು ದಿನದಲ್ಲಿ ಟಿ.ವಿ.ಲೇ ತೋರಿಸ್ತೀನಿ. ಇಲ್ಲಾಂದ್ರೆ ಈ ಮೀಸೇಲಿ ಅರ್ಧ ಬೋಳಿಸ್ಕೊಂಡು ಇದೇ ಬೆಂಚ್ ಮೇಲೆ ಕೂರ್ತೀನಿ. ತೋರಿಸಿದ್ರೆ ನೀವೇನ್ ಮಾಡ್ತೀರಾ?”

ಅವರ ಮುಖ ರೊಟ್ಟಿ ಹಲಗೆಯ ಹಾಗೆ ನುಣ್ಣಗಿತ್ತು. ಬೋಳಿಸಲು ಏನೂ ಇರಲಿಲ್ಲ.

“ನಾನು ಮೀಸೆ ಬಿಡ್ತೀನಿ. ಆಗಬಹುದಾ?”

“ಆಗ್ಲಿ.”

ಇಪ್ಪತ್ತೆರಡು ವರ್ಷ ಎಣ್ಣೆ ತೀಡಿ ಸಾಕಿದ ಮೀಸೆ. ಅದರಲ್ಲಿ ಅರ್ಧ ಹೋದರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಮನೆಯಲ್ಲಂತೂ ನನ್ನ ಹೆಂಡತಿ ಲಕ್ಷ್ಮಿದೇವಮ್ಮ ಸಾಯುವ ತನಕ ನಗುತ್ತಾಳೆ.

ಮದುವೆಗಳ ವಿಡಿಯೋ ತೆಗೆಯುವ ಪಿಳ್ಳಣ್ಣನನ್ನು ಹಿಡಿದೆ.

“ಅಣ್ಣ, ಅಷ್ಟು ದೂರದ ಚಿರತೆ ನನ್ ಕ್ಯಾಮೆರಾದಲ್ಲಿ ಇರುವೆ ಥರ ಕಾಣುತ್ತೆ. ಹತ್ರ ಹೋಗ್ಬೇಕು.”

“ಹೋಗು.”

“ನೀವು ಮುಂದೆ ನಡೀರಿ.”

ಇಬ್ಬರೂ ಹೋಗಲಿಲ್ಲ. ಕೊನೆಗೆ ಜಯನಗರದ ಸ್ಟುಡಿಯೋ ಒಂದರಿಂದ ಫೋಟೋ ಕ್ಯಾಮೆರಾಕ್ಕೆ ಹಾಕುವ ಮೊಳದುದ್ದದ ಲೆನ್ಸ್ ತಂದೆವು. ಅದು ವಿಡಿಯೋ ಕ್ಯಾಮೆರಾದ ಬಾಯಿಗೆ ಕೂರಲಿಲ್ಲ. ಜೆ.ಪಿ. ನಗರದ ಲೇತಿನವನ ಹತ್ತಿರ ಹಿತ್ತಾಳೆಯ ಬಳೆ ಮಾಡಿಸಿ ಕೂರಿಸಿದೆವು. ಫೋಟೋ ಫಿಲ್ಮು ಬೆಂಕಿಪೊಟ್ಟಣದಷ್ಟು ಅಗಲ, ವಿಡಿಯೋ ಕ್ಯಾಮೆರಾದೊಳಗಿನ ಕಣ್ಣು ಕಡಲೆಬೀಜದಷ್ಟು. ಲೆನ್ಸ್ ಬೀಳಿಸುವ ಚಿತ್ರದಲ್ಲಿ ನಟ್ಟನಡುವಿನ ಚೂರನ್ನಷ್ಟೇ ಅದು ನೋಡುತ್ತದೆ. ಆ ಚೂರೇ ಟಿ.ವಿ. ತುಂಬ. ಹೊಸಕೆರೆಹಳ್ಳಿ ಕೆರೆಯ ಹತ್ತಿರ ಪರೀಕ್ಷೆ ಮಾಡಿದಾಗ ಕೊಕ್ಕರೆಯ ಕತ್ತು ಮಾತ್ರ ಕಂಡಿತು. ನಾನು ಕೆಮ್ಮಿದರೆ ಕತ್ತು ಕುಣಿಯಿತು.

ಬಂಡೆಯಿಂದ ಎರಡು ಫರ್ಲಾಂಗು ಈಚೆ, ಪಂಪ್‌ಹೌಸಿನ ಕಟ್ಟೆಯ ಮೇಲೆ ಮರಳಿನ ಚೀಲವಿಟ್ಟು, ಲೆನ್ಸನ್ನು ಅದರ ಮೇಲೆ ಮಲಗಿಸಿ ಕಾದೆವು. ಬೆಟ್ ಕಟ್ಟಿ ಹನ್ನೆರಡು ದಿನವಾದರೂ ಚಿರತೆಯ ಸುಳಿವಿಲ್ಲ. ನಾನು ದಿನಾ ಮೀಸೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹದಿಮೂರನೆಯ ಬೆಳಿಗ್ಗೆ ಬಂತು. ನನ್ನ ಬರಿಗಣ್ಣಿಗೆ ಕಾಣುತ್ತಿದೆ, ಪಿಳ್ಳಣ್ಣನಿಗೆ ಕ್ಯಾಮೆರಾದಲ್ಲಿ ಸಿಗುತ್ತಿಲ್ಲ.

“ಎಲ್ಲಣ್ಣ? ಬರೀ ಬಂಡೆ.”

“ಎಡಕ್ಕೆ ಕಣೋ.”

“ಇದೂ ಬಂಡೆ.”

“ಮೇಲಕ್ಕೆ!”

“ಈಗ ಆಕಾಶ.”

ಇಲ್ಲಿ ಅಕ್ಕಿಕಾಳಿನಷ್ಟು ಅಲುಗಿಸಿದರೆ ಅಲ್ಲಿ ಎರಡು ಮಾರು ದಾಟಿಬಿಡುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಭಯವೂ ಮರೆತುಹೋಯಿತು. ಕೆಂಪು ಟವೆಲ್ ಹಿಡಿದು ಹೊಲದಲ್ಲಿ ಒಂದು ಫರ್ಲಾಂಗು ಮುಂದೆ ನಡೆದು, ಚಿರತೆಯ ನೇರಕ್ಕೆ ನಿಂತು, ಪಿಳ್ಳಣ್ಣನ ಕಡೆ ತಿರುಗಿ ಬೀಸಿದೆ.

“ಈ ಟವೆಲ್ ಹುಡುಕೋ ಮುಂಡೇದೇ! ಅದರ ಹಿಂದೆ ನೋಡು!”

ಅವನಿಗೆ ಟವೆಲ್ ಸಿಕ್ಕಿತು. ಟವೆಲಿನ ಹಿಂದೆ ಚಿರತೆಯೂ ಸಿಕ್ಕಿತು. ಅದು ಒಮ್ಮೆ ಆಕಳಿಸಿ, ಎದ್ದು ಹೋಯಿತು.

ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯ ಟಿ.ವಿ. ಮುಂದೆ ಊರೇ ಸೇರಿತು. ಮರುಳಸಿದ್ದಪ್ಪ ಹೆಂಡತಿ ಶಾಂತಾದೇವಿಯವರನ್ನೂ ಕರೆತಂದಿದ್ದರು. ಪಿಳ್ಳಣ್ಣ ಕ್ಯಾಸೆಟ್ ಹಾಕಿದ. ಟಿ.ವಿ.ಯಲ್ಲಿ ನಾನು, ಸ್ವಲ್ಪ ಮಸುಕಾಗಿ, ಟವೆಲ್ ಬೀಸುತ್ತಾ ಬಾಯಿ ಮಾಡುತ್ತಿದ್ದೇನೆ. ನನ್ನ ಹೆಗಲ ಹಿಂದೆಯೇ, ಕಿವಿ ಕಚ್ಚುವಷ್ಟು ಹತ್ತಿರದಲ್ಲಿ, ಚಿರತೆ ಕೂತಿದೆ. ನನ್ನ ಬೈಗುಳ ಕ್ಯಾಮೆರಾದ ಮೈಕಿಗೆ ಮುಟ್ಟಿರಲಿಲ್ಲ. ಪಕ್ಕದಲ್ಲಿದ್ದ ಪಿಳ್ಳಣ್ಣ ಮದುವೆಮನೆಯ ಅಭ್ಯಾಸದಲ್ಲಿ ಆಡಿದ್ದು ಮಾತ್ರ ಚೆನ್ನಾಗಿ ಕೇಳಿಸಿತು: “ಹಾಂ, ಹಾಗೇ ಇರಿ. ಈ ಕಡೆ ನೋಡಿ. ಸ್ವಲ್ಪ ನಗಿ.” ಚಿರತೆ ಬಾಯಿ ತೆರೆಯಿತು.

ಮರುಳಸಿದ್ದಪ್ಪ ಎದ್ದು ನಿಂತರು.

“ಇದು ಸರ್ಕಸ್ ಚಿರತೆ! ನಗು ಅಂದ್ರೆ ನಗುತ್ತೆ! ಕಾಡಿನದಾಗಿದ್ರೆ ಪಕ್ಕದಲ್ಲಿ ನಿಂತ ನಿಮ್ಮನ್ನ ಬಿಡ್ತಿತ್ತಾ?”

“ಅದು ನನ್ನಿಂದ ಒಂದು ಫರ್ಲಾಂಗು ಆಚೆ ಇತ್ತು ಸಾರ್!”

“ಒಂದು ಗೇಣೂ ಇಲ್ಲ!”

ಒಳಗಿನಿಂದ ಲಕ್ಷ್ಮಿದೇವಮ್ಮ ಕೂಗಿದಳು: “ಏನ್ರೀ, ಕ್ಷೌರದೋನ್ನ ಇಲ್ಲಿಗೇ ಕರೆಸ್ಲಾ?”

“ಉದ್ದ ಲೆನ್ಸ್ ಹಾಕಿದ್ರೆ ಹಿಂದಿರೋದು ಮುಂದಿರೋದು ಅಂಟ್ಕೊಂಡಂಗೆ ಕಾಣುತ್ತೆ ಸಾರ್,” ಎಂದ ಪಿಳ್ಳಣ್ಣ. ಯಾರೂ ಕೇಳಿಸಿಕೊಳ್ಳಲಿಲ್ಲ.

“ಹಾಗಾದ್ರೆ ನೀವೇ ರೋಡಿಗೆ ನಡೀರಿ ಸಾರ್,” ಎಂದೆ.

ನಮ್ಮ ಮನೆಯ ಮುಂದಿನ ರಸ್ತೆ ದಾರ ಹಿಡಿದ ಹಾಗೆ ನೇರ. ಮರುಳಸಿದ್ದಪ್ಪ ಗೊಣಗುತ್ತಾ ಒಂದು ಫರ್ಲಾಂಗು ಹೋಗಿ ನಮ್ಮ ಕಡೆ ತಿರುಗಿ ನಿಂತರು. ಅವರಿಂದ ಇನ್ನೊಂದು ಫರ್ಲಾಂಗು ಆಚೆ ಒಂದು ಎಮ್ಮೆ ನಿಧಾನಕ್ಕೆ ಬರುತ್ತಿತ್ತು. ಪಿಳ್ಳಣ್ಣ ಜಗಲಿಯಿಂದಲೇ ಲೆನ್ಸ್ ತಿರುಗಿಸಿ, ಕ್ಯಾಮೆರಾದ ವೈರನ್ನು ಟಿ.ವಿ.ಗೆ ಸಿಕ್ಕಿಸಿದ. ಚಿತ್ರ ಬಂದದ್ದೇ ತಡ, ಶಾಂತಾದೇವಿಯವರು ಕಿರುಚಿದರು.

“ಅಯ್ಯಯ್ಯೋ! ರೀ, ಬೆನ್ ಹಿಂದೆ ಎಮ್ಮೆ ರೀ!”

ಟಿ.ವಿ.ಯಲ್ಲಿ ಎಮ್ಮೆ ಅವರ ಮಂಕಿ ಕ್ಯಾಪಿಗೆ ಮೂಗು ಹಚ್ಚಿತ್ತು. ಆಕೆ ಬರಿಗಾಲಿನಲ್ಲಿ ಒಂದು ಫರ್ಲಾಂಗು ಓಡಿ, ಗಂಡನ ರಟ್ಟೆ ಹಿಡಿದು ಮೋರಿಗೆ ಎಳೆದರು. ಆಮೇಲೆ ತಿರುಗಿ ನೋಡಿದರು. ಎಮ್ಮೆ ಎಲ್ಲೋ ದೂರದಲ್ಲಿ ಲೈಟ್ ಕಂಬಕ್ಕೆ ಮೈ ಉಜ್ಜಿಕೊಳ್ಳುತ್ತಿತ್ತು.

“ಇಲ್ಲೇ ಇತ್ತಲ್ರೀ! ನಾನೇ ನೋಡಿದೆ!”

ಹೆಂಡತಿಯೇ ಸಾಕ್ಷಿ ಹೇಳಿದ ಮೇಲೆ ಇನ್ನೇನಿದೆ? ಮರುಳಸಿದ್ದಪ್ಪ ಒದ್ದೆ ಚಪ್ಪಲಿ ಕೈಯಲ್ಲಿ ಹಿಡಿದು ವಾಪಸ್ ಬಂದು, “ಒಪ್ಕೊಂಡೆ,” ಎಂದರು. ಅವತ್ತಿನಿಂದ ಮೀಸೆ ಬಿಟ್ಟರು.

ಮೊದಲ ವಾರ ಅವರ ತುಟಿಯ ಮೇಲೆ ಇರುವೆ ಸಾಲಿನಂತೆ ಏನೋ ಹರಿದಿತ್ತು. ಅದನ್ನು ನೋಡಿ ನಗುವುದಕ್ಕೆಂದೇ ನಾನು ದಿನಕ್ಕೆರಡು ಸಲ ಟೀ ಕುಡಿದೆ. ಎರಡನೇ ತಿಂಗಳಿಗೆ ನನ್ನ ನಗು ನಿಂತಿತು. ಆ ಮೀಸೆ ಗರಿಕೆಯಂತೆ ದಟ್ಟವಾಗಿ ಬೆಳೆದು, ಎಣ್ಣೆಯಿಲ್ಲದೆ, ತಾನಾಗಿಯೇ ತುದಿಯೆತ್ತಿ ನಿಂತಿತು. ಟೀ ಅಂಗಡಿಯವನು ನನಗಿಂತ ಮೊದಲು ಅವರಿಗೆ ಟೀ ಕೊಡಲು ಶುರುಮಾಡಿದ. ಲಕ್ಷ್ಮಿದೇವಮ್ಮನೂ “ಅವ್ರಿಗೆ ಒಪ್ಪುತ್ತೆ ಕಣ್ರೀ” ಎಂದಳು.

ತಡೆಯಲಾಗದೆ ಅವರ ಮನೆಗೇ ಹೋದೆ.

“ಸಾರ್, ಬೆಟ್ ಮುಗೀತು. ಬೋಳಿಸಿಬಿಡಿ.”

“ಛೆ! ಮಾತು ಕೊಟ್ಮೇಲೆ ತಪ್ಪಕ್ಕಾಗುತ್ತಾ ಬೈರಪ್ಪನೋರೇ?” ಎಂದು ಅವರು ಮೀಸೆ ತಿರುವಿದರು.

ಶಾಂತಾದೇವಿಯವರು ಕಾಫಿ ತಂದಿಟ್ಟರು. “ನಿಮಗೆ ಪುಣ್ಯ ಬರಲಿ ಅಣ್ಣ. ಮದುವೆಯಾದಾಗಿನಿಂದ ಮೀಸೆ ಬಿಡಿ ಅಂತ ನಾನು ಹೇಳ್ತಾನೇ ಇದ್ದೆ, ಇವ್ರು ಕೇಳಿರಲಿಲ್ಲ.”

ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ನಾಲಿಗೆ ಸುಟ್ಟುಕೊಂಡು, ಎದ್ದು ಬಂದೆ.