ಸಭೆಯಲ್ಲಿ ನಗು

“ಆ ದಿನದ ಪುಸ್ತಕ ತೆಗೀರಿ! ಎಲ್ಲರ ಎದುರಿಗೇ ಓದ್ಲಿ, ಬಣ್ಣ ಬಯಲಾಗ್ಲಿ!”

ಮೀಸೆ ಮೇಷ್ಟ್ರು ಮೇಜು ಗುದ್ದಿದ ರಭಸಕ್ಕೆ ನೀರಿನ ಲೋಟವೇ ಮಗುಚಿತು. ನಗರಸಭೆಯ ಆಡಳಿತ ಪಕ್ಷದ ನಾಯಕರು ಅವರು. ಶಾಲೆ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಗಂಟಲು ಮಾತ್ರ ಇನ್ನೂ ತರಗತಿಯಲ್ಲೇ ಇತ್ತು. ಎದುರು ಸಾಲಿನಲ್ಲಿ ವಿರೋಧ ಪಕ್ಷದ ವಕೀಲಮ್ಮ ಕನ್ನಡಕ ಒರೆಸುತ್ತಾ, “ಓದ್ಲಿ, ನನಗೇನು ಭಯ?” ಎಂದರು. ದನಿಯಲ್ಲಿ ಸ್ವಲ್ಪ ಭಯ ಇದ್ದೇ ಇತ್ತು.

ಜಗಳ ಏಳನೇ ನಂಬರ್ ಬಸ್ಸಿನದು. ಊರಾಚೆಯಿಂದ ದೊಡ್ಡಾಸ್ಪತ್ರೆಗೆ ಹೋಗುವ ಆ ಬಸ್ಸು ಓಡುವುದು ನಗರಸಭೆಯ ದುಡ್ಡಿನಲ್ಲಿ. ಬಸ್ಸು ನಿಲ್ಲಿಸೋಣ, ಮನೆ ತೆರಿಗೆ ಏರಿಸುವುದು ಬೇಡ ಎಂದು ಮೇಷ್ಟ್ರು; ತೆರಿಗೆ ತುಸು ಏರಲಿ, ಬಸ್ಸು ಓಡಲಿ ಎಂದು ವಕೀಲಮ್ಮ. ಬೆಳಗಿನಿಂದ ಇದೇ ರಾಮಾಯಣ.

ನಡುವಿನ ಪುಟ್ಟ ಮೇಜಿನಲ್ಲಿ ಇಬ್ಬರ ಮಾತನ್ನೂ ಆಡಿದ ಹಾಗೆಯೇ ಶೀಘ್ರಲಿಪಿಯಲ್ಲಿ ಗೀಚುತ್ತಿದ್ದ ನಡಾವಳಿ ಬರಹಗಾರ್ತಿಗೆ ಮಾತ್ರ ಇದು ಬರೀ ಮಾತಿನ ಜಗಳವಾಗಿರಲಿಲ್ಲ. ಅವಳ ಅತ್ತೆ ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುವುದು ಇದೇ ಬಸ್ಸಿನಲ್ಲಿ. ಬಾಡಿಗೆ ಕಾರು ಅವಳ ಸಂಬಳಕ್ಕೆ ಕನಸೇ. “ಬಸ್ಸು ನಿಂತ್ರೆ ನನ್ನ ಹೊತ್ಕೊಂಡು ಹೋಗ್ತೀಯೇನೇ?” ಎಂದು ಅತ್ತೆ ಬೆಳಿಗ್ಗೆ ನಕ್ಕಿದ್ದರು.

ಹನ್ನೊಂದು ವರ್ಷದಲ್ಲಿ ಅವಳು ಸಭೆಯಲ್ಲಿ ತುಟಿ ಬಿಚ್ಚಿ ಸ್ವಂತ ಮಾತಾಡಿದವಳಲ್ಲ. ಹಳೆಯ ನಡಾವಳಿ ಓದು ಎಂದಾಗ ಮಾತ್ರ ಬಾಯಿ ತೆರೆಯಬೇಕು. ಓದಲು ತೊಡಗಿದರೆ ಆ ವಿಷಯ ಮುಗಿಯುವವರೆಗೂ ಓದಬೇಕು. ಅದು ಅಲ್ಲಿನ ಕಟ್ಟಳೆ.

ನಾಲ್ಕು ವರ್ಷದ ಹಿಂದಿನ ಪುಸ್ತಕ ಬಂತು. ಆಗ ಅಧಿಕಾರ ವಕೀಲಮ್ಮನ ಪಕ್ಷದ್ದು. ಅಂದು ಅವರು ಆಡಿದ್ದನ್ನು ಅವಳು ಎದ್ದು ನಿಂತು ಓದಿದಳು: “ಈ ಬಸ್ಸು ಬಿಳಿಯಾನೆ. ನಿಲ್ಲಿಸಿದ್ರೆ ತೆರಿಗೆ ಕಟ್ಟೋರ ಬೆನ್ನು ಹಗುರಾಗುತ್ತೆ.”

ಆಡಳಿತ ಪಕ್ಷದವರೆಲ್ಲ ಮೇಜು ಕುಟ್ಟಿದರು. “ಸಾಕು, ಕೂತ್ಕೊಳಮ್ಮ,” ಎಂದರು ಮೇಷ್ಟ್ರು, ಮೀಸೆ ತಿರುವುತ್ತಾ.

ಅವಳು ಕೂರಲಿಲ್ಲ. ಮುಂದಿನ ಪುಟದಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಬರೆದ ಕೈ ಅವಳದೇ ಅಲ್ಲವೇ? ಪುಟ ತಿರುವಿದಳು. ಕೆಲಸಕ್ಕೇ ಕುತ್ತು ಬಂದರೆ?

“ಇನ್ನೂ ಇದೆ ಸಾರ್.”

“ಸಾಕು ಅಂದ್ನಲ್ಲ!”

“ವಿಷಯ ಮುಗಿದಿಲ್ಲ ಸಾರ್. ಕಟ್ಟಳೆ.”

ತೂಕಡಿಸುತ್ತಿದ್ದ ಅಧ್ಯಕ್ಷರು ಆ ಒಂದು ಪದಕ್ಕೆ ಕಣ್ಣು ಬಿಟ್ಟರು. “ಕಟ್ಟಳೆ ಅಂದ್ರೆ ಕಟ್ಟಳೆ. ಓದಮ್ಮ.”

ಮುಂದಿನದು ಅದೇ ದಿನ, ಆಗ ವಿರೋಧ ಪಕ್ಷದಲ್ಲಿದ್ದ ಮೇಷ್ಟ್ರು ಆಡಿದ ಮಾತು. “ಬಸ್ಸು ಅಂದ್ರೆ ಊರಿನ ಕಾಲು. ಚಪ್ಪಲಿ ದುಡ್ಡು ಉಳಿಸೋಕೆ ಕಾಲೇ ಕತ್ತರಿಸ್ತೀರಾ? ಇದ್ಯಾವ ಸೀಮೆ ಲೆಕ್ಕ? ತೆರಿಗೆ ಏರಿಸಿ, ಮೊದಲು ನಾನೇ ಕಟ್ತೀನಿ.”

ಮೊದಲು ನಕ್ಕವರು ವಕೀಲಮ್ಮ. “ಅಯ್ಯೋ, ನನ್ನ ಭಾಷಣ ನೀವು ಮಾಡ್ತಿದ್ದೀರಿ, ನಿಮ್ಮದನ್ನ ನಾನು! ಕುರ್ಚಿ ಬದಲಾಯ್ತು ಅಂತ ಬಾಯೂ ಬದಲಾಗೋಯ್ತಲ್ಲ ಮೇಷ್ಟ್ರೇ!”

ಮೇಷ್ಟ್ರ ಕಿವಿ ಕೆಂಪಾಯಿತು. ಮೀಸೆಯ ಮೇಲಿದ್ದ ಕೈ ಕೆಳಗಿಳಿಯಿತು. ಆಮೇಲೆ ಮೆಲ್ಲಗೆ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು.

“ಅವತ್ತು ನಾನು ಚೆನ್ನಾಗೇ ಮಾತಾಡಿದ್ದೆ ಕಣ್ರೀ,” ಎಂದರು. “ಆಗ್ಲಿ, ಒಂದು ವರ್ಷ ಓಡ್ಲಿ. ಆದ್ರೆ ತೆರಿಗೆ, ನೀವು ಕೇಳಿದ್ದರಲ್ಲಿ ಅರ್ಧ ಮಾತ್ರ.”

“ಅರ್ಧ ಆದ್ರೂ ಸರಿ. ಉಳಿದ ಜಗಳ ಮುಂದಿನ ವರ್ಷಕ್ಕಿರಲಿ.”

ಎರಡೂ ಕಡೆ ಕೈಗಳು ಎದ್ದವು. ನಡಾವಳಿಯಲ್ಲಿ ನಗುವನ್ನೂ ಬರೆಯಬೇಕು: ‘ಆಡಳಿತ ಪಕ್ಷದಲ್ಲಿ ನಗು’ ಅಥವಾ ‘ವಿರೋಧ ಪಕ್ಷದಲ್ಲಿ ನಗು’. ಅವಳು ತಲೆಯೆತ್ತಿ ನಗುತ್ತಿದ್ದ ಎರಡೂ ಸಾಲು ನೋಡಿದಳು. ‘ಸಭೆಯಲ್ಲಿ ನಗು’ ಎಂದು ಬರೆದಳು. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ಅತ್ತೆ ಗಡಿಯಾರ ನೋಡಿ ಗೊಣಗಿದರು: “ಮೂರು ನಿಮಿಷ ತಡ. ಇಂಥ ಬಸ್ಸಿಗೆ ತೆರಿಗೆ ಬೇರೆ ಕಟ್ಬೇಕಂತೆ, ಕರ್ಮ!”

ತಿರುವಿನಲ್ಲಿ ಏಳರ ಅಂಕಿ ಕಾಣಿಸಿದ್ದೇ ಅವಳು ಅತ್ತೆಯ ಚೀಲ ಎತ್ತಿಕೊಂಡಳು.