ಗಾಜಿನ ಮೇಲಿನ ಕೆಂಪು ದಾರ

ಎಡಗಾಲು, ಮೇಷ್ಟ್ರೇ, ಎಡಗಾಲು ಒತ್ತಿ, ದಾರ ಬಲಕ್ಕೆ ಹೋಗ್ತಿದೆ, ಎನ್ನುತ್ತೇನೆ ಹಿಂದಿನ ಸೀಟಿನಿಂದ, ಅವರ ಬೋಳುತಲೆಯಾಚೆ ಗಾಜಿಗೆ ಅಂಟಿಸಿದ ಗೇಣುದ್ದದ ಕೆಂಪು ಉಣ್ಣೆದಾರ, ಅದು ನೆಟ್ಟಗಿದ್ದರೆ ಗ್ಲೈಡರ್ ಗಾಳಿಯನ್ನು ನೇರ ಸೀಳುತ್ತಿದೆ ಎಂದು, ಪಕ್ಕಕ್ಕೆ ಹೋದರೆ ಎದುರುಗಾಲು ಒತ್ತಬೇಕು, ಹದಿನೇಳು ವರ್ಷದಿಂದ ನಾನು ಹೇಳಿಕೊಡುತ್ತಿರುವುದು ಇಷ್ಟೇ, ಎಂಜಿನ್ ಇಲ್ಲದ ವಿಮಾನಕ್ಕೆ ದಾರವೇ ಗುರು — ಅವರು ಒತ್ತುತ್ತಾರೆ, ಅರವತ್ತಮೂರರ ವಿಧೇಯ ವಿದ್ಯಾರ್ಥಿ, ಒಂದು ಕಾಲದಲ್ಲಿ ನನಗೆ ಲೆಕ್ಕ ಕಲಿಸಿದವರು, ಈಗ ತಮಾಷೆಗೆ ನನ್ನನ್ನೇ ಮೇಡಂ ಅನ್ನುವವರು, ಇಳಿಯುವ ಮುಂಚಿನ ಕೊನೆಯ ಎಡತಿರುವು, ನೂರು ಮೀಟರ್ ಎತ್ತರವೂ ಇಲ್ಲ — ಗಾಳಿಯ ಸದ್ದು ಬದಲಾಯಿತು, ನನ್ನ ಸೊಂಟ ಬಲಕ್ಕೆ ಜಾರಿತು, ಸೊಂಟ ಸುಳ್ಳು ಹೇಳುವುದಿಲ್ಲ — ಮೇಡಂ, ದಾರ ನೆಟ್ಟಗೇ ಇತ್ತು, ಈಗ ಎಡಕ್ಕೆ ಹೋಯ್ತು, ಎನ್ನುತ್ತಾರೆ ಅವರು ಮೆಲ್ಲಗೆ, ನಾನು ಬಲಗಣ್ಣು ಮುಚ್ಚುತ್ತೇನೆ — ಹೌದು, ಎಡಕ್ಕೆ. ಬಿಡಿ, ನಾನು ಹಿಡ್ಕೊಂಡೆ, ಕಾಲು ಸಮ, ರೆಕ್ಕೆ ಸಮ, ಹುಲ್ಲು ಮೇಲೆದ್ದು ಬಂದು ಚಕ್ರವನ್ನು ಮುಟ್ಟುತ್ತದೆ, ಏನೂ ಆಗದವರಂತೆ ಉರುಳುತ್ತೇವೆ, ಇನ್ನೊಂದು ಕ್ಷಣ ಆ ಕಾಲು ಹಾಗೇ ಇದ್ದಿದ್ದರೆ ಒಂದು ರೆಕ್ಕೆ ಸೋತು ಗಿರಕಿ, ಆ ಎತ್ತರದಲ್ಲಿ ಗಿರಕಿ ಬಿಡಿಸಿಕೊಂಡವರಿಲ್ಲ, ಅದನ್ನೂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುವವಳು ನಾನೇ.

ಇದು ಶುರುವಾಗಿ ಹದಿನೈದು ದಿನ ಆಯಿತು, ಮೊದಲು ಬಚ್ಚಲಿನ ಟೈಲುಗಳ ನಡುವಿನ ಗೆರೆ, ಆಮೇಲೆ ಅಡುಗೆಮನೆಯ ಬಾಗಿಲ ಚೌಕಟ್ಟು, ನಡುವೆ ಯಾರೋ ಬೆರಳಿಟ್ಟು ಒತ್ತಿದಂತೆ ಡೊಂಕು, ಬಲಗಣ್ಣು ಮುಚ್ಚಿದರೆ ಬಾಗಿಲು ಸರಿಯಾಗುತ್ತದೆ, ಅಕ್ಕಾ, ಡಾಕ್ಟರಿಗೆ ತೋರಿಸೇ, ಅಂದಳು ತಂಗಿ, ನಿದ್ದೆ ಸಾಲಲ್ಲ ಕಣೇ, ಅಂದೆ, ತೋರಿಸಿದರೆ ಅವರು ಬರೆಯುತ್ತಾರೆ, ಬರೆದರೆ ಹಿಂದಿನ ಸೀಟು ಹೋಯಿತು, ಬಾಗಿಲು ಡೊಂಕಾದರೇನು, ಒಳಗೆ ಹೋಗಿಬರುವುದಕ್ಕೆ ಆಗುತ್ತದಲ್ಲ — ಆದರೆ ದಾರ. ಏಳನೇ ಕ್ಲಾಸು, ಹಿಂದಿನ ಬೆಂಚು, ಬೋರ್ಡು ಬರೀ ಮಂಜು, ಪಕ್ಕದವಳನ್ನು ನೋಡಿ ಬರೆದೆ, ಅವಳ ತಪ್ಪುಗಳನ್ನೂ ಬಿಡದೆ, ಎದ್ದು ನಿಂತು ಬೋರ್ಡು ಓದು, ಅಂದರು ಮೇಷ್ಟ್ರು, ನಾನು ಬಾಯಿಪಾಠ ಒಪ್ಪಿಸಿದೆ, ಅವರು ಅಷ್ಟರಲ್ಲಿ ಬೋರ್ಡು ಒರೆಸಿದ್ದರು, ಇಡೀ ಕ್ಲಾಸು ಬಿದ್ದುಬಿದ್ದು ನಕ್ಕಿತು, ಕಣ್ಣು ಕಾಣಲ್ಲ ಅಂತ ಹೇಳೋಕೇನು ಧಾಡಿ ನಿಂಗೆ, ಎಂದು ಬೈದು ಅಪ್ಪನಿಗೆ ಚೀಟಿ ಬರೆದು ಮುಂದಿನ ಬೆಂಚಿಗೆ ಕೂರಿಸಿದರು, ಒಂದು ವಾರದಲ್ಲಿ ಕನ್ನಡಕ ಬಂತು, ಮರದ ಎಲೆಗಳು ಒಂದೊಂದೂ ಬೇರೆಬೇರೆ ಇರುತ್ತವೆ ಎಂದು ಗೊತ್ತಾಯಿತು.

ರೆಕ್ಕೆ ಹಿಡಿದು ತಳ್ಳಿಕೊಂಡು ಮತ್ತೆ ಹೊರಡುವ ಸಾಲಿನ ತುದಿಗೆ ತಂದಿದ್ದೇವೆ, ಹಗ್ಗ ಎಳೆದು ಗ್ಲೈಡರನ್ನು ಮೇಲೇರಿಸುವ ಯಂತ್ರದವನು ವಾಕಿಟಾಕಿಯಲ್ಲಿ ಕೂಗುತ್ತಾನೆ, ಅಕ್ಕಾ, ಹಗ್ಗ ರೆಡಿ, ಮುಂದಿನವರು ಯಾರು, ಮುಂದಿನವಳು ನರ್ಸ್, ಆಗಲೇ ಮುಂದಿನ ಸೀಟಿಗೆ ಹತ್ತಿ ಬೆಲ್ಟು ಬಿಗಿಯುತ್ತಿದ್ದಾಳೆ, ಮೇಷ್ಟ್ರು ವಿಮಾನ ಮುರೀಲಿಲ್ಲ ತಾನೇ, ನಂಗೂ ಸ್ವಲ್ಪ ಉಳ್ಸಿದ್ದೀರಾ, ಎಂದು ನಗುತ್ತಾಳೆ, ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು, ನನ್ನನ್ನು ನಂಬಿ ಹತ್ತಿದವಳು, ಮೇಷ್ಟ್ರು ಅವಳಿಗೆ ಕೇಳಿಸದಂತೆ ನನ್ನ ಹತ್ತಿರ ಬಂದು ನಿಲ್ಲುತ್ತಾರೆ, ಯಾವಾಗಿನಿಂದ, ಎನ್ನುತ್ತಾರೆ, ಏನು ಮೇಷ್ಟ್ರೇ, ಎನ್ನುತ್ತೇನೆ, ನೀನು ಒಂದು ಕಣ್ಣು ಮುಚ್ಚಿದ್ದು ಗಾಜಲ್ಲಿ ಕಾಣಿಸ್ತಮ್ಮ, ಮೇಡಂ ಹೋಯಿತು, ನೀನು ಬಂತು, ನನ್ನ ಕೈಯಲ್ಲಿ ಅವರ ಹಾರಾಟದ ಪುಸ್ತಕ, ಷರಾ ಬರೆಯುವ ಖಾನೆ ಖಾಲಿ, ಅದರ ಗೆರೆಯೂ ಡೊಂಕು, ನನ್ನ ಕಾಲೇ ತಪ್ಪಿತು ಅಂತ ಬರಿ, ಎನ್ನುತ್ತಾರೆ, ನಾನು ಒಬ್ಬನೇ ಹಾರೋದು ಇನ್ನೊಂದು ತಿಂಗಳು ತಡ ಆದ್ರೆ ಆಗ್ಲಿ, ನಂಗೇನು ಆತುರ, ನಾನು ಯಾರಿಗೂ ಹೇಳಲ್ಲ — ಮೂವತ್ತು ವರ್ಷದ ಹಿಂದೆ ಬೈದವರು ಈಗ ಪಕ್ಕದ ಬೆಂಚಿನವರಾಗಿ ತಮ್ಮ ಪುಸ್ತಕ ನನ್ನ ಕಡೆ ಸರಿಸುತ್ತಿದ್ದಾರೆ, ನೋಡಿ ಬರ್ಕೋ ಎಂದು, ನರ್ಸ್ ಹೆಬ್ಬೆರಳು ಎತ್ತಿ ತೋರಿಸುತ್ತಾಳೆ, ಗಾಳಿ ನಿಂತಿದೆ, ಅವಳ ಮುಂದೆ ಗಾಜಿನ ಮೇಲೆ ದಾರ ಸುಮ್ಮನೆ ಮಲಗಿದೆ, ಎಡಗಣ್ಣಿಗೆ ನೆಟ್ಟಗೆ, ಬಲಗಣ್ಣಿಗೆ ಡೊಂಕು, ಮತ್ತೆ ಎಡಗಣ್ಣು, ನೆಟ್ಟಗೆ, ಬಲಗಣ್ಣು, ದಾರ, ಕೆಂಪು, ಡೊಂಕು — ಬೇಡ ಮೇಷ್ಟ್ರೇ, ನಾನು ಹತ್ತಲ್ಲ.