ಸಾಕಷ್ಟು ಕಾಯಿಲೆ ಇಲ್ಲದವಳು

ಗುಣವಾದವರಿಗೆ ಈ ಲೋಕದಲ್ಲಿ ಬಿಡುವೇ ಇಲ್ಲ. ಕಾಯಿಲೆ ಬಿದ್ದಿದ್ದಾಗ ಟೈಲರಕ್ಕನನ್ನು ತಿರುಗಿಯೂ ನೋಡದವರು, ಅವಳು ಗುಣವಾದಳೆಂದು ಪತ್ರಿಕೆಯಲ್ಲಿ ಬಂದದ್ದೇ ತಡ, ಸಭೆಗೆ ಕರೆದರು, ರೇಡಿಯೋಗೆ ಕರೆದರು, ಕಾಲೇಜುಗಳಿಗೆ ಕರೆದು ವೇದಿಕೆ ಹತ್ತಿಸಿದರು. ಹದಿನೈದು ವರ್ಷ ಊಟವನ್ನು ಶತ್ರುವಿನಂತೆ ಕಂಡವಳು, ಈಗ ಹೇಗೆ ನಗುತ್ತಾಳೆ ನೋಡಿ ಎಂದರು. ಅವಳೂ ನಕ್ಕಳು. ನಗುವುದಕ್ಕೇನು ಮಹಾ ಖರ್ಚೇ?

ತೊಂದರೆ ಏನೆಂದರೆ, ನಾಲ್ಕು ತಿಂಗಳಿಂದ ಅವಳು ಗುಣವಾಗಿರಲಿಲ್ಲ. ಹಳೆಯ ಕಾಯಿಲೆ ಹಿತ್ತಿಲ ಬಾಗಿಲಿಂದ ಬಂದ ನೆಂಟನ ಹಾಗೆ ಒಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತಿತ್ತು. ಅಂಗಡಿಯಲ್ಲಿ ದಿನವಿಡೀ ಇಸ್ತ್ರಿ ಮೇಜಿನ ಹಿಂದೆ ನಿಲ್ಲುವ ತಮ್ಮನಿಗೂ ಇದು ಗೊತ್ತಿರಲಿಲ್ಲ. "ಅಕ್ಕಾ, ಊಟ ಆಯ್ತಾ?" ಎಂದು ಅವನು ಕೇಳುವುದು, "ಹೂಂ, ಆಗ್ಲೇ ಆಯ್ತು" ಎಂದು ಅವಳು ಯಂತ್ರದಿಂದ ತಲೆಯೆತ್ತದೆ ಹೇಳುವುದು. ಎದುರಾದವರೆಲ್ಲ ಇದೊಂದನ್ನೇ ಕೇಳುವುದರಿಂದ ದಿನಕ್ಕೆ ಹತ್ತು ಸುಳ್ಳು ಅವಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಬಟ್ಟೆ ಜೋಲುಬಿದ್ದರೆ ಬೇರೆಯವರು ಸಿಕ್ಕಿಬೀಳುತ್ತಾರೆ, ಟೈಲರ್ ಯಾಕೆ ಬೀಳುತ್ತಾಳೆ? ಭಾನುವಾರ ಮಧ್ಯಾಹ್ನ ತನ್ನ ಕೋಟಿನ ಪಕ್ಕದ ಹೊಲಿಗೆ ಬಿಚ್ಚಿ, ಬೇಕಾದಷ್ಟು ಒಳಗೆ ಹಿಡಿದು, ಹೊಲಿದು, ಇಸ್ತ್ರಿ ಹಾಕಿಬಿಟ್ಟರೆ ಸೋಮವಾರ ಎಲ್ಲವೂ ಅಳತೆಗೆ ಸರಿಯಾಗಿ ಕೂರುತ್ತಿತ್ತು.

ಹಾಗಂತ ಅವಳು ಕೈಕಟ್ಟಿ ಕೂತಿರಲಿಲ್ಲ. ಎರಡು ತಿಂಗಳ ಹಿಂದೆ ಯಾರಿಗೂ ಹೇಳದೆ ದೊಡ್ಡಾಸ್ಪತ್ರೆಗೆ ಹೋಗಿದ್ದಳು. ಅಲ್ಲಿನ ಡಾಕ್ಟರು ಅವಳ ಮುಖ ನೋಡಲಿಲ್ಲ, ತೂಕದ ಯಂತ್ರದ ಮುಖ ನೋಡಿದರು. "ನೀವಿನ್ನೂ ಗೆರೆಗಿಂತ ಮೇಲಿದ್ದೀರಿ. ಇನ್ನೂ ಇಳಿದ್ರೆ ಬನ್ನಿ, ನೋಡೋಣ" ಎಂದರು. ಗೆರೆ ಎಂದರೆ ಆಸ್ಪತ್ರೆಯ ಒಂದು ಅಂಕೆ. ಊಟದ ಕಾಯಿಲೆಯವರಿಗೆ ಚಿಕಿತ್ಸೆ ಸಿಗಬೇಕಾದರೆ ತೂಕ ಅದಕ್ಕಿಂತ ಕೆಳಗಿಳಿದಿರಬೇಕು. ಮನೆಗೆ ಬೆಂಕಿ ಬಿದ್ದಿದೆ ಎಂದು ಫೋನ್ ಮಾಡಿದರೆ, ಛಾವಣಿ ಕುಸಿದ ಮೇಲೆ ಮಾಡಿ ಎಂದ ಹಾಗೆ. ಅವಳು ಮನೆಗೆ ವಾಪಸು ಬರುವಾಗ ತಲೆಯೊಳಗಿನ ಕಾಯಿಲೆ, ನೋಡಿದೆಯಾ, ಕಾಯಿಲೆ ಬೀಳುವುದರಲ್ಲೂ ನೀನು ಫೇಲು ಎಂದು ಹಂಗಿಸಿತು.

ಎರಡು ವರ್ಷದಿಂದ ಟೈಲರಕ್ಕ ಮತ್ತು ಅವಳ ಜೊತೆಯವರು ಹೋರಾಡುತ್ತಿದ್ದದ್ದೇ ಈ ಗೆರೆ ಅಳಿಸಿ ಎಂದು. ಅವರ ಗುಂಪಿಗೆ ಹೆಸರಿರಲಿಲ್ಲ, ಹೆಸರಿಡಲು ಕರೆದ ಸಭೆ ಜಗಳದಲ್ಲಿ ಮುಗಿದಿತ್ತು. ಮುಖ್ಯವಾಗಿ ಮೂವರು. ಒಬ್ಬ ಲಿಫ್ಟ್ ರಿಪೇರಿಯವನು, ಬಾಗಿಲಷ್ಟು ಅಗಲದ ಆಳು, ಎಲ್ಲರ ಬಾಯಲ್ಲಿ ಪೈಲ್ವಾನ. ಊಟ ಕಂಡರೆ ಭಯವಾಗುತ್ತೆ ಎಂದು ಅವನು ಹೇಳಿಕೊಂಡಾಗ ಡಾಕ್ಟರು, "ನಿಮ್ಮ ಮೈಗೆ ಸ್ವಲ್ಪ ಭಯ ಒಳ್ಳೇದೇ" ಎಂದು ನಕ್ಕು ಕಳಿಸಿದ್ದರು. ಇನ್ನೊಬ್ಬರು ನಿವೃತ್ತ ಗಣಿತದ ಟೀಚರು, ಅರವತ್ತೆಂಟು ವರ್ಷದ ಲೆಕ್ಕದ ಮೇಡಂ. ಅವರು ಈ ಕಾಯಿಲೆಯ ಜೊತೆ ಸಂಸಾರ ಮಾಡಿದ್ದು ಐವತ್ತು ವರ್ಷ, ಬಾಯಿಗೆ ಬೀಗ ಹಾಕಿದ್ದು ಒಂದು ದಿನವೂ ಇಲ್ಲ. ಮೂರನೆಯವಳು ಟೈಲರಕ್ಕ.

ಗುರುವಾರ ಆಸ್ಪತ್ರೆಯವರು ಅವರನ್ನು ಮಾತುಕತೆಗೆ ಕರೆದಿದ್ದರು. ನಿಯಮ ಮಾಡುವ ಸಮಿತಿಯಲ್ಲಿ ಗುಣವಾದವರೊಬ್ಬರಿಗೆ ಸ್ಥಾನ ಕೊಡುತ್ತೇವೆ ಎಂದಿದ್ದರು, ಆದರೆ ಅವರು ಎರಡು ವರ್ಷದಿಂದ ಪೂರ್ತಿ ಆರೋಗ್ಯವಾಗಿರಬೇಕು. ಎಲ್ಲರ ಕಣ್ಣೂ ಟೈಲರಕ್ಕನ ಮೇಲೆ. ಬಾಯಿ ಬಿಟ್ಟರೆ ಸ್ಥಾನ ಹೋಗುತ್ತದೆ, ಬಿಡದಿದ್ದರೆ ಅವಳೇ ಹೋಗುತ್ತಾಳೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಫ್ಯಾನು. ಇಂಥವರ ಮುಂದೆ ಬಿಸ್ಕತ್ತು ಇಡಬಹುದೋ ಬಾರದೋ ಎಂದು ಯೋಚಿಸಿ ಯೋಚಿಸಿ ಆಸ್ಪತ್ರೆಯವರು ಕೊನೆಗೆ ಒಂದು ತಟ್ಟೆ ಇಟ್ಟು, ಮೇಲೆ ಕಾಗದ ಮುಚ್ಚಿದ್ದರು. ಮೇಡಂ ಕಾಗದ ಎತ್ತಿ ನೋಡಿದರು.

"ಏನ್ರೀ ಇದು, ಮುಖ ಮುಚ್ಚಿ ಮಲಗಿಸಿದ್ದೀರಾ? ಬಿಸ್ಕತ್ತು ತೀರಿಕೊಂಡಿದ್ದು ಯಾವಾಗ?"

ಮೂಲೆಯಲ್ಲಿ ಸಭೆಯ ಟಿಪ್ಪಣಿ ಬರೆಯಲು ಕೂತಿದ್ದ ಹಿರಿಯ ಸಿಸ್ಟರ್ ಕೆಮ್ಮಿದರು. ಅದು ನಗು ಎಂದು ಎಲ್ಲರಿಗೂ ಗೊತ್ತಾಯಿತು.

ಸೂಪರಿಂಟೆಂಡೆಂಟರು ಒಳ್ಳೆಯ ಮನುಷ್ಯರೇ. ಮೈಕ್ ಇಲ್ಲದಿದ್ದರೂ ಮೈಕ್ ಇದ್ದವರ ಹಾಗೆ ಮಾತಾಡುತ್ತಿದ್ದರು, ಅಷ್ಟೇ. "ಹಿರಿಯರು ಸುಮ್ನೆ ಹೇಳಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಅಂತ" ಎಂದು ಶುರು ಮಾಡಿದರು.

"ಊಟ ಬಲ್ಲವರೇ ಸಾರ್ ನಾವು" ಎಂದರು ಮೇಡಂ. "ಊಟದ ಲೆಕ್ಕ ನಮ್ಮಷ್ಟು ಬಲ್ಲೋರು ಈ ಊರಲ್ಲೇ ಇಲ್ಲ. ಅದೇ ರೋಗ."

ಸೂಪರಿಂಟೆಂಡೆಂಟರು ಗಾದೆಯ ಉಳಿದರ್ಧವನ್ನು ನುಂಗಿಕೊಂಡರು. ಮಾತು ಬಲ್ಲವರ ಎದುರು ಅದನ್ನು ಹೇಳುವ ಧೈರ್ಯ ಬರಲಿಲ್ಲವೋ ಏನೋ. ನೇರ ವಿಷಯಕ್ಕೆ ಬಂದರು. ಹಾಸಿಗೆಗಳು ಕಡಿಮೆ, ಜನ ಜಾಸ್ತಿ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಎಂದರು. ಆಮೇಲೆ ಟೈಲರಕ್ಕನ ಕಡೆ ಕೈ ತೋರಿಸಿದರು.

"ಇವರನ್ನೇ ನೋಡಿ. ಇವರ ಕಾಲದಲ್ಲೂ ಇದೇ ಗೆರೆ ಇತ್ತು. ಗುಣ ಆಗ್ಲಿಲ್ವಾ? ಎಷ್ಟು ಲಕ್ಷಣವಾಗಿ ಕೂತಿದ್ದಾರೆ! ನಮ್ಮ ನಿಯಮಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೈಲರಕ್ಕನ ಕೈ ತಾನಾಗಿ ಕೋಟಿನ ಪಕ್ಕಕ್ಕೆ ಹೋಯಿತು. ತಲೆಯೊಳಗಿನ ಕಾಯಿಲೆ ಒಳ್ಳೆಯ ವಕೀಲ, ತಕ್ಷಣ ವಾದಕ್ಕೆ ಎದ್ದಿತು. ಈಗ ಸುಮ್ಮನಿರು, ಸ್ಥಾನ ಸಿಗಲಿ, ಒಳಗೆ ಸೇರಿ ನಿಯಮ ಬದಲಿಸು, ಆಮೇಲೆ ನಿನ್ನ ವಿಚಾರ ನೋಡೋಣ, ನಿನಗೇನು ಅವಸರ? ವಾದ ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ಚೆನ್ನಾಗಿ ಮಾತಾಡುವವನು ಯಾವತ್ತೂ ಅವಳ ಒಳ್ಳೆಯದಕ್ಕೆ ಮಾತಾಡಿರಲಿಲ್ಲ.

"ಸಾರ್, ನಾನು ಗುಣ ಆಗಿಲ್ಲ" ಎಂದಳು.

ಸೂಪರಿಂಟೆಂಡೆಂಟರು ತೋರಿಸಿದ್ದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಆಗಿದ್ದೆ. ಮತ್ತೆ ಬಂದಿದೆ. ಎರಡು ತಿಂಗಳ ಹಿಂದೆ ಇಲ್ಲೇ ಕೆಳಗಡೆ ಚೀಟಿ ಮಾಡಿಸ್ಕೊಂಡು ಎರಡೂವರೆ ಗಂಟೆ ಕಾದಿದ್ದೆ. ನಿಮ್ಮೋರು ಇನ್ನೂ ಇಳಿದ್ಮೇಲೆ ಬನ್ನಿ ಅಂದ್ರು. ನಾನು ಡಾಕ್ಟ್ರು ಹೇಳಿದ ಮಾತು ಮೀರೋಳಲ್ಲ ಸಾರ್. ಇಳೀತಾ ಇದ್ದೀನಿ."

ಸೂಪರಿಂಟೆಂಡೆಂಟರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಆದ್ರೆ ನಿಮ್ಮನ್ನ ನೋಡಿದ್ರೆ ಹಾಗೆ ಕಾಣಲ್ವಲ್ಲಮ್ಮ."

"ನನ್ನ ನೋಡಿದ್ರೆ ಹೇಗೆ ಕಾಣುತ್ತೆ ಸಾರ್?" ಎಂದ ಪೈಲ್ವಾನ, ಕೂತ ಕುರ್ಚಿ ಕಿರುಗುಟ್ಟುವಂತೆ ಮುಂದೆ ಬಾಗಿ.

ಟೈಲರಕ್ಕನಿಗೆ ಸೂಪರಿಂಟೆಂಡೆಂಟರ ಚಿಂತೆ ಇರಲಿಲ್ಲ. ಜೊತೆಯವರ ಮುಖ ನೋಡಲು ಭಯವಾಗಿತ್ತು. ಎರಡು ವರ್ಷದ ದುಡಿಮೆಗೆ ಒಂದೇ ಮಾತಲ್ಲಿ ಎಳ್ಳುನೀರು ಬಿಟ್ಟಿದ್ದಳು.

"ಗೊತ್ತಿತ್ತು ಬಿಡೇ" ಎಂದರು ಮೇಡಂ.

"ಯಾವಾಗಿಂದ?"

"ಮಳೆಗಾಲದಿಂದ. ಎಲ್ಲರ ಬಟ್ಟೇನೂ ಒಂದಿನ ಬಿಗಿ, ಒಂದಿನ ಸಡಿಲ. ನಿಂದು ಮಾತ್ರ ವಾರ ವಾರಾನೂ ಗೊಂಬೆಗೆ ತೊಡಿಸಿದ ಹಾಗೆ. ಮನುಷ್ಯರ ಬಟ್ಟೆ ಹಾಗಿರಲ್ಲ ಕಣೇ. ಹಾವಿನ ಹೆಜ್ಜೆ ಹಾವಿಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಕೇಳ್ಲಿಲ್ಲ?"

ಮೇಡಂ ಮೊದಲ ಸಲ ತಡವರಿಸಿದರು. "ತಪ್ಪಾಯ್ತು. ಈ ಸಭೆಗೆ ನಮಗೂ ಗುಣವಾದೋಳು ಒಬ್ಬಳು ಬೇಕಾಗಿದ್ಲು. ಸ್ವಾರ್ಥ." ಪೈಲ್ವಾನ ತಲೆ ತಗ್ಗಿಸಿದ. ಅವನಿಗೂ ಗೊತ್ತಿತ್ತು ಎಂಬುದು ಆಗ ಅವಳಿಗೆ ತಿಳಿಯಿತು. ಸಿಟ್ಟೂ ಬಂತು, ಅಳುವೂ ಬಂತು. ನಾಲ್ಕು ತಿಂಗಳ ಮೇಲೆ ಮೊದಲ ಸಲ ಒಂಟಿ ಅಲ್ಲ ಎಂದೂ ಅನ್ನಿಸಿತು.

"ಹಾಗಾದ್ರೆ ಆ ಸ್ಥಾನಕ್ಕೆ ನಿಮ್ಮಿಬ್ಬರಲ್ಲಿ ಯಾರು ಪೂರ್ತಿ ಗುಣ ಆಗಿದ್ದೀರಿ?" ಎಂದರು ಸೂಪರಿಂಟೆಂಡೆಂಟರು, ದಾರಿ ತಪ್ಪಿದ ಸಭೆಯನ್ನು ದಾರಿಗೆ ಎಳೆಯಲು.

"ನಾನಂತೂ ಅಲ್ಲಪ್ಪ, ಮೊನ್ನೆ ಮಂಗಳವಾರವೇ ಸೋತೆ" ಎಂದ ಪೈಲ್ವಾನ.

"ಅಂದ್ರೆ ಗುಣವಾದೋರು ಯಾರೂ ಇಲ್ವೇನ್ರೀ?"

"ಕುಡಿಯೋರಿಗೆ ಬಾಟ್ಲಿ ಬಿಡಿ ಅಂತೀರಿ, ಬಿಟ್ಟು ಬದುಕ್ತಾರೆ" ಎಂದರು ಮೇಡಂ. "ಊಟ ಬಿಡಿ ಅನ್ನೋಕಾಗುತ್ತಾ? ನಮ್ದು ದಿನಕ್ಕೆ ಮೂರು ಸಲ ಕುಸ್ತಿ. ಮೊದಲೆಲ್ಲ ದಿನಾ ಸೋಲ್ತಿದ್ದೆ. ಈಗ ಹತ್ತೊಂಬತ್ತು ವರ್ಷದಿಂದ ಸೋಲಿಗಿಂತ ಗೆಲುವೇ ಜಾಸ್ತಿ. ಅದಕ್ಕೇ ನಾನು ಗುಣ ಅನ್ನೋದು. ನಿಮಗೆ ಸರ್ಟಿಫಿಕೇಟ್ ಬೇಕಾದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ."

ಸೂಪರಿಂಟೆಂಡೆಂಟರು ಅಡ್ಡಗೋಡೆಯ ಮೇಲೆ ದೀಪ ಇಡಲು ಸಿದ್ಧರಾದರು. "ಪರಿಶೀಲಿಸೋಣ" ಎಂದು ಬಾಯಿ ತೆರೆಯುವಷ್ಟರಲ್ಲಿ ಹಿರಿಯ ಸಿಸ್ಟರ್ ಪೆನ್ನು ಕೆಳಗಿಟ್ಟರು.

"ಸಾರ್, ವಾರ್ಡಿಗೆ ಗೆರೆ ಇದೆ, ಒಪ್ಕೋತೀನಿ. ಹಗಲು ಬಂದು ಹೋಗೋ ಚಿಕಿತ್ಸೆಗೆ ಯಾವ ಆದೇಶದಲ್ಲೂ ಗೆರೆ ಇಲ್ಲ. ಯಾರೋ ಶುರು ಮಾಡಿದ್ರು, ನಾವೂ ಮುಂದುವರಿಸ್ಕೊಂಡು ಬಂದ್ವಿ. ನೀವು ಒಂದು ಸಹಿ ಹಾಕಿದ್ರೆ ಇವತ್ತೇ ನಿಲ್ಲುತ್ತೆ."

"ಇಲ್ವಾ?" ಎಂದರು ಸೂಪರಿಂಟೆಂಡೆಂಟರು. ಕಡತ ತರಿಸಿದರು. ಹಾಳೆ ಹಾಳೆ ತಿರುವಿದರು. ಇರಲಿಲ್ಲ. ಇಲ್ಲದ ಗೆರೆಗೆ ಇಷ್ಟು ವರ್ಷ ಎಷ್ಟು ಜನರನ್ನು ವಾಪಸು ಕಳಿಸಿದ್ದರೋ! ಅವರ ಕಿವಿ ಕೆಂಪಾಯಿತು. ಮೈಕಿನ ದನಿ ಎಲ್ಲೋ ಹೋಗಿತ್ತು. "ಕೊಡಿ ಸಿಸ್ಟರ್" ಎಂದು, ಅವರು ಬರೆದುಕೊಟ್ಟ ಎರಡು ಸಾಲಿನ ಆದೇಶಕ್ಕೆ ಸಹಿ ಹಾಕಿದರು. ವಾರ್ಡಿನ ಗೆರೆಯ ಜಗಳ ಇನ್ನೂ ಬಾಕಿ ಇತ್ತು, ಆದರೂ ಪೈಲ್ವಾನ ಮೇಜು ಗುದ್ದಿದ ರಭಸಕ್ಕೆ ಬಿಸ್ಕತ್ತುಗಳು ಎದ್ದು ಕೂತವು.

ಸಿಸ್ಟರ್ ಹೊಸ ಹಾಳೆ ತೆಗೆದು ಟೈಲರಕ್ಕನ ಕಡೆ ತಿರುಗಿದರು. "ಮೊದಲ ಹೆಸರು ನಿಮ್ದೇ ಬರ್ಕೋತೀನಿ. ಹಗಲು ಚಿಕಿತ್ಸೆಯಲ್ಲಿ ಒಂದು ಜಾಗ ಖಾಲಿ ಇದೆ. ಒಂದು ಗಂಟೆಗೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರ್ತಾರೆ. ಬನ್ನಿ."

"ಇವತ್ತಾ?" ಎಂದಳು ಟೈಲರಕ್ಕ. "ಈ ವಾರ ಆಗಲ್ಲ ಸಿಸ್ಟರ್. ಸ್ಕೂಲ್ ಯೂನಿಫಾರಂ ನಲವತ್ತು ಜೊತೆ ಕೊಡಬೇಕು. ಗುಂಡಿ ಕೂಡ ಹಾಕಿಲ್ಲ."

ಎರಡು ವರ್ಷ ಎರಡೂ ಕೈಯಲ್ಲಿ ಬಡಿದ ಬಾಗಿಲು ತೆರೆದಿತ್ತು, ಈ ಮಹಾತಾಯಿ ಗುಂಡಿಯ ಕಥೆ ಹೇಳುತ್ತಿದ್ದಳು. ಮುಚ್ಚಿದ ಬಾಗಿಲಲ್ಲಿ ಒಂದು ಸುಖವಿದೆ, ಎಷ್ಟು ಬೈದರೂ ಅದು ಒಳಗೆ ಬಾ ಎನ್ನುವುದಿಲ್ಲ.

"ಮುಂದಿನ ವಾರಕ್ಕೆ ಜಾಗ ಉಳಿಯುತ್ತೆ ಅಂತ ಹೇಳೋಕಾಗಲ್ಲ" ಎಂದರು ಸಿಸ್ಟರ್.

"ಹೋಗ್ಲಿ ಬಿಡಿ, ಬೇರೆಯವ್ರಿಗೆ ಕೊಡಿ. ಪಾಪ, ನನಗಿಂತ ಕಷ್ಟದಲ್ಲಿರೋರು ಇರ್ತಾರೆ. ನಂಗೇನು ಅಷ್ಟೊಂದು ಕಾಯಿಲೆ..."

ಅಲ್ಲಿಗೆ ನಿಂತಳು. ಅವಳ ಕಿವಿಗೇ ಅದು ಬಿದ್ದಿತ್ತು.

"ಹೇಳಿ ಅಕ್ಕ, ಪೂರ್ತಿ ಹೇಳಿ" ಎಂದ ಪೈಲ್ವಾನ ಮೆಲ್ಲಗೆ. "ಗೆರೆಗಿಂತ ಮೇಲಿದ್ದೀನಿ ಅನ್ನಿ."

ಮೇಜಿನ ಮೇಲಿನ ಕಾಗದದಲ್ಲಿ ಸಹಿಯ ಶಾಯಿ ಇನ್ನೂ ಆರಿರಲಿಲ್ಲ. ಆಸ್ಪತ್ರೆ ಅಳಿಸಿದ ಗೆರೆಯನ್ನು ಅವಳು ತನ್ನ ಬಾಯಾರೆ ಮತ್ತೆ ಎಳೆಯುತ್ತಿದ್ದಳು. ಟೈಲರಕ್ಕ ತನ್ನನ್ನು ತಾನೇ ಬೈದುಕೊಂಡಳು. ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. "ನನ್ನ ಮಧ್ಯ ಹಾಕ್ಕೊಂಡು ನಡೀರಿ" ಎಂದಳು ಎದ್ದು ನಿಂತು. "ಇಲ್ಲದಿದ್ರೆ ಓಡಿಹೋಗ್ತೀನಿ."

ಕಾರಿಡಾರಿನಲ್ಲಿ ಆ ಕಡೆ ಪೈಲ್ವಾನ, ಈ ಕಡೆ ಮೇಡಂ, ನಡುವೆ ಅವಳು. ನೋಡಿದವರು ಯಾವುದೋ ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡಿರಬೇಕು, ತಪ್ಪೇನಿಲ್ಲ. ಊಟದ ಕೋಣೆಯ ಬಾಗಿಲಲ್ಲಿ ಸಿಸ್ಟರ್ ಉಳಿದಿಬ್ಬರನ್ನು ತಡೆದರು. ಒಳಗೆ ಅವಳೊಬ್ಬಳೇ ಹೋಗಬೇಕಿತ್ತು.

ಮೇಜಿನ ಸುತ್ತ ಆರು ಜನ, ಆರು ತಟ್ಟೆ. ಯಾರೂ ಯಾರ ತಟ್ಟೆಯನ್ನೂ ನೋಡದಂತೆ ಕೂತಿದ್ದರು, ಅದು ಎಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತಿತ್ತು. ತುದಿಯಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ತಲೆಯೆತ್ತಿದಳು. ಅವಳ ಮುಖ ಅರಳಿತು, ಹಿಂದೆಯೇ ಬಾಡಿತು.

"ನೀವು ನಮ್ಮ ಕಾಲೇಜಿಗೆ ಬಂದಿದ್ರಲ್ಲ ಅಕ್ಕ? ನಿಮ್ಮ ಮಾತು ಕೇಳಿಯೇ ನಾನಿಲ್ಲಿ ಸೇರಿದ್ದು. ನೀವು ಗುಣ ಆಗಿದ್ರಿ."

ಟೈಲರಕ್ಕನ ನಾಲಿಗೆಯ ತುದಿಗೆ ಒಂದು ಒಳ್ಳೆಯ ಸುಳ್ಳು ಬಂದು ನಿಂತಿತ್ತು. ನೋಡಿಕೊಂಡು ಹೋಗೋಣ ಅಂತ ಬಂದೆ ಎಂದರೆ ಮುಗಿಯಿತು, ಹುಡುಗಿಯೂ ನಂಬುತ್ತಿದ್ದಳು.

"ಆಗಿದ್ದೆ ಕಣಮ್ಮ" ಎಂದಳು. "ಮತ್ತೆ ಆಗ್ತೀನಿ. ಸ್ವಲ್ಪ ಆ ಕಡೆ ಸರ್ಕೋ."